ಐಹೊಳೆಯ ಕಲ್ಲುಗಳ ಮುಂದೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳ ಒಂದು ಭಾನುವಾರ ನಮ್ಮ ಸಂಘದ ಇಪ್ಪತ್ತು ಮಂದಿ, ಮಕ್ಕಳು ಮುದುಕರು ಕೂಡಿ, ಡೊಂಬಿವಲಿಯಿಂದ ಲೋಕಲ್ ಹಿಡಿದು ಕೋಟೆಯ ಕಡೆಗೆ ಹೊರಟೆವು. ಭಾನುವಾರದ ಮೆಗಾಬ್ಲಾಕಿನ ಸುಖವನ್ನು ನಿಮಗೆ ನಾವು ವರ್ಣಿಸಬೇಕಾಗಿಲ್ಲ. ಹತ್ತಕ್ಕೆ ತಲುಪಬೇಕಾದವರು ಹನ್ನೆರಡಕ್ಕೆ ತಲುಪಿದೆವು. ಹೋದದ್ದು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ. 1998ರಲ್ಲಿ ಹೆಸರು ಬದಲಾದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ.

ಆ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದು, 1922ರಲ್ಲಿ ಜನರಿಗೆ ತೆರೆಯಿತು. ಒಳಗೆ ಕಾಲಿಟ್ಟು ತಲೆಯೆತ್ತಿದರೆ ಗುಮ್ಮಟದ ಕೆಳಗೆ ಒಂದನ್ನೊಂದು ಹೆಣೆದುಕೊಂಡ ಕಮಾನುಗಳು. ಅವುಗಳಿಗೆ ವಿಜಾಪುರದ ಗೋಲಗುಮ್ಮಟವೇ ಮಾದರಿ ಎನ್ನುತ್ತಾರೆ. ಶಿಲ್ಪಿ ಜಾರ್ಜ್ ವಿಟೆಟ್ ಎಂಬ ಸ್ಕಾಟ್ಲೆಂಡಿನವ. ನಮ್ಮಲ್ಲಿ ಬಹುಮಂದಿ ಈ ಕಟ್ಟಡದ ಮುಂದೆ ವರ್ಷಗಟ್ಟಲೆ ಬಸ್ಸು ಕಾದವರು; ಒಳಗೆ ಹೋದವರು ಮೂರೇ ಜನ.

ನಾವು ಹೋದದ್ದು ಐಹೊಳೆಯ ಕಲ್ಲುಗಳನ್ನು ನೋಡಲು. ಏಳನೆಯ ಶತಮಾನದ ಚಾಲುಕ್ಯ ಶಿಲ್ಪಗಳು. ಹಂಸವಾಹನನಾಗಿ ಋಷಿಗಳ ನಡುವೆ ಕುಳಿತ ಬ್ರಹ್ಮ, ಶೇಷನ ಮೇಲೆ ಒರಗಿದ ವಿಷ್ಣು, ಪಾರ್ವತಿಯೊಡನೆ ಶಿವ. ಇವು ಗೋಡೆಗೆ ಒರಗಿಸಲು ಕಡೆದ ಶಿಲ್ಪಗಳಲ್ಲ, ಗುಡಿಯ ಛಾವಣಿಯ ಚಪ್ಪಡಿಗಳು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಐಹೊಳೆಯಲ್ಲಿ ಭಕ್ತನು ಕತ್ತು ಹಿಂದಕ್ಕೆ ಬಾಗಿಸಿ, ಮಂದ ಬೆಳಕಿನಲ್ಲಿ, ಎತ್ತರದ ದೇವರನ್ನು ಕಾಣುತ್ತಿದ್ದ. ಇಲ್ಲಿ ಅದೇ ದೇವರು ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದು ನಿಂತಿದ್ದಾನೆ. ಉಳಿಯ ಗೆರೆ ಇಷ್ಟು ಹತ್ತಿರದಿಂದ ಕಾಣುವುದು ಲಾಭವೇ ಸರಿ. ಆದರೆ ಮೇಲಿನಿಂದ ಕೆಳಗೆ ನೋಡುತ್ತಿದ್ದ ಆ ನೋಟ ಇಲ್ಲಿಲ್ಲ.

ನಮ್ಮ ಜೊತೆ ಹುನಗುಂದದ ಕಡೆಯ ಒಬ್ಬ ಅಜ್ಜಿ ಇದ್ದರು. ಐಹೊಳೆ ಅದೇ ತಾಲೂಕಿನ ಊರು. ಮಗನ ಮನೆಗೆಂದು ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಬಹಳ ಹೊತ್ತು ಬ್ರಹ್ಮನ ಮುಂದೆ ನಿಂತವರು ತಿರುಗಿ, "ಇದು ಮ್ಯಾಲಿನ ಕಲ್ಲು ಅಂತೀರಿ. ಇದನ್ನ ತಗದರ ಆ ಗುಡಿ ಸೋರೂದಿಲ್ಲೇನ್ರಿ?" ಎಂದು ಕೇಳಿದರು. ಇತಿಹಾಸದ ಎಂ.ಎ. ಮಾಡಿದವರೂ ನಮ್ಮೊಳಗಿದ್ದರು; ಯಾರಿಗೂ ಉತ್ತರ ಹೊಳೆಯಲಿಲ್ಲ.

ಈ ಕಲ್ಲುಗಳು ಇಲ್ಲಿ ಇರುವುದೇಕೆ? ನಾವು ಇಲ್ಲಿ ಇರುವ ಕಾರಣವೂ ಅದೇ. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಸೀಮೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಕಚೇರಿ, ಕೋರ್ಟು, ಗಿರಣಿ ಎಲ್ಲವೂ ಇತ್ತ ಎಳೆಯುತ್ತಿದ್ದ ಕಾಲ. ಕಲ್ಲೂ ಆ ದಾರಿಯನ್ನೇ ಹಿಡಿಯಿತು. ಈ ಮ್ಯೂಸಿಯಮ್ಮಿನ ಶಿಲ್ಪ ವಿಭಾಗ ಬೆಳೆದದ್ದು ಪುಣೆಯ ಹಳೆಯ ಸಂಗ್ರಹದಿಂದ ಮತ್ತು ಇಲ್ಲಿಯ ಏಷಿಯಾಟಿಕ್ ಸೊಸೈಟಿಯಿಂದ ಬಂದ ವಸ್ತುಗಳಿಂದ. 1804ರಲ್ಲಿ ಹುಟ್ಟಿದ ಆ ಸೊಸೈಟಿಯ ಪತ್ರಿಕೆಯಲ್ಲೇ ಜೆ. ಎಫ್. ಫ್ಲೀಟರು ಸವದತ್ತಿಯ ರಟ್ಟರ ಶಾಸನಗಳನ್ನು ಪ್ರಕಟಿಸಿದರು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಅವರು ಗ್ರಂಥವನ್ನೇ ಬರೆದರು. ಕನ್ನಡ ನಾಡಿನ ಚರಿತ್ರೆಯ ಒಂದು ದೊಡ್ಡ ಭಾಗ ಈ ಕೋಟೆ ಪ್ರದೇಶದಲ್ಲಿ ಅಚ್ಚಾಯಿತೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಕಲ್ಲುಗಳನ್ನು ಹಿಂದಿರುಗಿಸಬೇಕೆಂದು ನಮ್ಮ ತರುಣರೊಬ್ಬರು ಆವೇಶದಿಂದ ವಾದಿಸಿದರು. ನಮಗೆ ಅದು ಅಷ್ಟು ಸುಲಭದ ಮಾತೆನಿಸಲಿಲ್ಲ. ಐಹೊಳೆಯ ನೂರಕ್ಕೂ ಮಿಕ್ಕ ಗುಡಿಗಳಲ್ಲಿ ಹಲವನ್ನು ಜನ ಮನೆ ಮಾಡಿಕೊಂಡಿದ್ದ ಕಾಲವೊಂದಿತ್ತು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ದೇವರಿಂದಲ್ಲ, ಅಲ್ಲಿ ವಾಸವಾಗಿದ್ದ ಮನುಷ್ಯನಿಂದ. (ಒಕ್ಕಲು ಬದಲಾದರೂ ಹಳೆಯ ಹೆಸರೇ ಉಳಿಯುವುದು ಚಾಳಿನಲ್ಲಿ ಬೆಳೆದ ನಮಗೆ ಹೊಸದೇನಲ್ಲ.) ಒಲೆಯ ಹೊಗೆ, ಮಳೆ, ದನಕರು ಇವುಗಳಿಂದ ಈ ಚಪ್ಪಡಿಗಳು ತಪ್ಪಿಸಿಕೊಂಡವೆನ್ನೋಣ. ಆದರೂ ಅಜ್ಜಿಯ ಪ್ರಶ್ನೆ ಬಾಕಿಯೇ ಉಳಿಯುತ್ತದೆ.

ಈ ಸಂಗ್ರಹದಲ್ಲಿ ಶ್ರವಣಬೆಳಗೊಳದ ಕಂಚಿನ ಬಾಹುಬಲಿಯೂ ಇದ್ದಾನೆ. ಎತ್ತರ ಮೊಳಕ್ಕೆ ತುಸು ಮೇಲು. ಬೆಟ್ಟದ ಮೇಲಿನ ಆ ಮಹಾಮೂರ್ತಿಗಿಂತ ಹಿಂದಿನವನೆಂದು ವಿದ್ವಾಂಸರ ಮತ. ಹೆಗಲ ಮೇಲೆ ಇಳಿದ ಕೂದಲ ಎಳೆಗಳು, ಕೈಕಾಲುಗಳಿಗೆ ಹಬ್ಬಿದ ಬಳ್ಳಿ. ದೊಡ್ಡದೇ ದೊಡ್ಡಸ್ತಿಕೆಯೆಂದು ತಿಳಿದವರು ಈ ಪುಟ್ಟ ಮೂರ್ತಿಯನ್ನು ಒಮ್ಮೆ ನೋಡಬೇಕು.

ನಮ್ಮನ್ನು ಚುಚ್ಚಿದ ಒಂದು ಸಂಗತಿಯನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷದ ಹುಡುಗ, ಮನೆಮಾತು ಕನ್ನಡವೇ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರ ಕೂಡಿಸಿ "ಐಹೋಲ್" ಎಂದು ಓದಿದ. ತಿದ್ದಿದೆವು. "ಳ" ಅವನ ನಾಲಗೆಗೆ ಬಂತು, ಆದರೆ ಕನ್ನಡದಲ್ಲಿ ಬರೆದು ತೋರಿಸೆಂದರೆ ಕೈ ಏಳಲಿಲ್ಲ. ತಪ್ಪು ಹುಡುಗನದಲ್ಲ. ನಗರದ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದನ್ನು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲೂ ಹೇಳುತ್ತೇವೆ. ಹೇಳುವ ನಮ್ಮಲ್ಲಿ ಎಷ್ಟು ಮಂದಿ ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸಿದ್ದೇವೆ?

ಆ ಹುಡುಗನೇ ಆಮೇಲೆ ಒಂದು ಕೆಲಸ ಮಾಡಿದ. ಛಾವಣಿ ಹೇಗಿತ್ತೆಂದು ಅಜ್ಜಿ ವಿವರಿಸುತ್ತಿದ್ದಂತೆ, ಚಪ್ಪಡಿಯ ಬುಡದಲ್ಲಿ ಅಂಗಾತ ಮಲಗಿ ಮೇಲಕ್ಕೆ ನೋಡತೊಡಗಿದ. ಕಾವಲುಗಾರ ಓಡಿಬಂದು ಗದರಿಸಿದ. ಅಜ್ಜಿ ಹರುಕು ಮರಾಠಿಯಲ್ಲಿ ಅದು ತಮ್ಮ ಊರ ಕಡೆಯ ಗುಡಿಯ ಕಲ್ಲೆಂದು ತಿಳಿಸಿದರು. ಆತ ಒಂದು ಗಳಿಗೆ ನಿಂತು, "ಬರಂ, ಪಾಚ್ ಮಿನಿಟ್" ಎಂದು ಆಚೆಯ ಕೋಣೆಗೆ ಹೊರಟುಹೋದ.

ಮುಂದಿನ ಭೇಟಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕು. ಹುಡುಗರು ಪಾಟಿ ಬಳಪ ತರಲಿ.