ಧ್ರುವ ನಕ್ಷತ್ರ ಕಾಣುವ ಗೋಡೆ

ಈ ಗೋಡೆಯಲ್ಲಿರುವ ದುಂಡನೆಯ ಕಿಂಡಿ ನೋಡಿ. ಕಿತ್ತೂರು ಅರಮನೆಗೆ ಬಂದವರಿಗೆಲ್ಲ ತೋರಿಸುವ, ಧ್ರುವ ನಕ್ಷತ್ರ ನೋಡುವ ಕಿಂಡಿ ಇದು. ಕಿತ್ತೂರು ಇರುವುದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ನೆತ್ತಿಯ ಮೇಲೆ ಹುಡುಕಿದರೆ ಸಿಗುವುದಿಲ್ಲ, ಹೊಲದಾಚೆಯ ಗಿಡದ ತುದಿಯ ಹತ್ತಿರ ಹುಡುಕಬೇಕು. ಗೋಡೆ ತುಸು ವಾಲಿದರೂ ಸಾಕು, ನಕ್ಷತ್ರ ತಪ್ಪಿಹೋಗುತ್ತದೆ. ಹಳೆಯ ಕಟ್ಟಡವನ್ನು ಇದ್ದಲ್ಲೇ, ಇದ್ದ ಹಾಗೇ ಉಳಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ.

ಕಟಕೋಳ, ಯರಗಟ್ಟಿ ಕಡೆಯಿಂದ ಬರುವವರು ಬೈಲಹೊಂಗಲ ಹಾಯ್ದು ಬರುತ್ತಾರೆ. ಅಂದರೆ ಮೊದಲು ಸಿಗುವುದು ಕಿತ್ತೂರಿನ ರಾಣಿ ಚನ್ನಮ್ಮನ ಸಮಾಧಿ, ಆಮೇಲೆ ಅವಳ ಮನೆ. ಕಥೆ ಹಿಂದುಮುಂದಾಗುತ್ತದೆ, ಇರಲಿ.

ಈ ಅರಮನೆ 17ನೇ ಶತಮಾನದ ಉತ್ತರಾರ್ಧದ್ದು, ಕಿತ್ತೂರನ್ನು ಆಳಿದ ಅಲ್ಲಪ್ಪಗೌಡ ಸರದೇಸಾಯಿಯ ಕಾಲದ್ದು. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಕೋಟೆಯ ಬಾಗಿಲಲ್ಲೇ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಅರಮನೆ ಹಾಳುಬಿತ್ತು.

ಇಂದು ಉಳಿದಿರುವುದು ತಲೆಯ ಮೇಲೆ ಮಾಡಿಲ್ಲದ ಗೋಡೆಗಳು. ಒಳಗೆ ನಡೆದರೆ ಅಡುಗೆಮನೆ, ಊಟದ ಪಡಸಾಲೆ, ಬಾವಿ, ಬಚ್ಚಲುಮನೆಗಳು, ನೀರು ಹರಿಯುವ ದಾರಿ ಎಲ್ಲ ಗುರುತು ಸಿಗುತ್ತವೆ. ಆದರೆ ಬಂದವರ ಕಣ್ಣಲ್ಲಿ ಬೇರೆಯೇ ಅರಮನೆ ಇರುತ್ತದೆ, 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿ ಓಡಾಡಿದ ಅರಮನೆ. ಅದನ್ನು ಹುಡುಕಿಕೊಂಡು ಬಂದವರಿಗೆ ಬಚ್ಚಲು ಕಂಡರೆ ಬೇಸರವಾಗುವುದು ಸಹಜ. ನನಗಂತೂ ಸಿಂಹಾಸನಕ್ಕಿಂತ ಬಚ್ಚಲೇ ಹೆಚ್ಚು ಮಾತಾಡುತ್ತದೆ.

ಮಾಡಿಲ್ಲದ ಗೋಡೆಗೆ ಮೊದಲ ವೈರಿ ಮಳೆ. ನೀರು ಗೋಡೆಯ ನೆತ್ತಿಯಿಂದ ಇಳಿದು ಮಣ್ಣನ್ನು ಸಡಿಲಿಸುತ್ತದೆ, ಆ ಸಂದಿಯಲ್ಲಿ ಅರಳಿಯ ಬೇರು ಹೊಗುತ್ತದೆ. ಸಿಮೆಂಟ್ ಮೆತ್ತಿದರೆ ಮುಗಿಯಿತಲ್ಲ ಅನ್ನಬಹುದು. ಸಿಮೆಂಟು ಒಳಗಿನ ತೇವವನ್ನು ಹೊರಬಿಡುವುದಿಲ್ಲ, ಗೋಡೆ ಒಳಗಿಂದೊಳಗೇ ಪುಡಿಯಾಗುತ್ತದೆ. ಸುಣ್ಣದ ಗಾರೆ ತೇವವನ್ನು ಆಡಲು ಬಿಡುತ್ತದೆ. ಕೆಲಸ ನಿಧಾನ, ಕೈ ಪಳಗಿದವರು ಬೇಕು.

ಇದೇ ಪಾಠವನ್ನು ಇಟಲಿ ಬಹಳ ದುಬಾರಿಯಾಗಿ ಕಲಿಯಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ರೋಮನ್ ಪಟ್ಟಣ ಪಾಂಪೆಯನ್ನು 1748ರಿಂದ ಅಗೆಯತೊಡಗಿದರು. ಅಲ್ಲಿನ ‘ಸ್ಕೋಲಾ ಅರ್ಮಾತುರಾರುಮ್’ ಎಂಬ ಕಟ್ಟಡ ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿತು. ಯುದ್ಧ ಮುಗಿದ ಮೇಲೆ ಅದರ ಮೇಲೆ ಕಾಂಕ್ರೀಟ್ ಛಾವಣಿ ಹೊದಿಸಿದರು. 2010ರ ನವೆಂಬರಿನ ಮಳೆಗೆ ಇಡೀ ಕಟ್ಟಡ ಕುಸಿಯಿತು. ಆಮೇಲೆ 10.5 ಕೋಟಿ ಯೂರೋಗಳ ಯೋಜನೆ ಬಂತು. ಗೋಡೆಗಳಿಗೆ ಆಸರೆ, ನೀರು ಹೊರಹೋಗಲು ಕಾಲುವೆ ಆದವು. ಮುಚ್ಚಿದ್ದ ಮನೆಗಳು ಒಂದೊಂದಾಗಿ ತೆರೆದವು. ವೆಟ್ಟಿ ಸೋದರರ ಮನೆ 2023ರಲ್ಲಿ ತೆರೆಯಿತು. ಜನ ನೋಡಲು ಹೋಗುವುದು ಅಲ್ಲಿ ನಿಜವಾಗಿ ಉಳಿದದ್ದನ್ನು.

ಕಿತ್ತೂರಿನಲ್ಲಿ 1967ರಲ್ಲಿ ಕೋಟೆಯೊಳಗೇ ವಸ್ತುಸಂಗ್ರಹಾಲಯ ಆಯಿತು. ಕತ್ತಿ, ಅಂಗಕವಚ, ಕೆತ್ತನೆಯ ಬಾಗಿಲು ಅಲ್ಲಿವೆ. 2022ರ ಆರಂಭದಲ್ಲಿ ಅರಮನೆಯ ಪ್ರತಿರೂಪವನ್ನು ಹತ್ತಿರದ ಬಚ್ಚನಕೇರಿಯಲ್ಲಿ ಕಟ್ಟುವ ಮಾತು ಎದ್ದಾಗ, ಕಟ್ಟುವುದಾದರೆ ಕಿತ್ತೂರಿನಲ್ಲೇ ಕಟ್ಟಿ ಎಂದು ಊರವರು ಬಂದ್ ಮಾಡಿದರು. ಜಗಳ ಎಲ್ಲಿ ಕಟ್ಟಬೇಕು ಅನ್ನುವುದರ ಮೇಲೆ ನಡೆಯಿತು. ಇರುವ ಗೋಡೆಗೆ ಸುಣ್ಣದ ಗಾರೆ ಯಾರು ಹಾಕುತ್ತಾರೆ ಎಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. ಹೊಸ ಅರಮನೆಯಲ್ಲಿ ಕಿಂಡಿ ಇಡಬಹುದು. ಆದರೆ ಅದರಲ್ಲಿ ಕಣ್ಣಿಟ್ಟವರು ಕಿತ್ತೂರಿನ ದೇಸಾಯಿಗಳಾಗಿರುವುದಿಲ್ಲ.

ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವದ ಗದ್ದಲ ಇರುತ್ತದೆ. ಅದು ಮುಗಿದ ಮೇಲೆ ಒಂದು ದಿನ ಹೋಗಿ ಬನ್ನಿ. ಫೋಟೋ ತೆಗೆಯಿರಿ, ಗೋಡೆ ಮಾತ್ರ ಹತ್ತಬೇಡಿ.