ಕಾಗೋಡಿನ ಮೇಷ್ಟರು



ಇವತ್ತು ನಿಮಗೆ ಒಬ್ಬ ಮೇಷ್ಟರ ವಿಷಯ ಹೇಳ್ತೀನಿ. ಅವರ ಹೆಸರು ಎಚ್. ಗಣಪತಿಯಪ್ಪ. ಅವರ ಸೀಮೆ ನಮ್ಮ ಮಡಕಶಿರಕ್ಕೆ ಬಹಳ ದೂರ. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ಅಲ್ಲಿ ಕಾಗೋಡು ಅಂತ ಒಂದು ಹಳ್ಳಿ. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆ. ನಮ್ಮಲ್ಲಿ ಮಳೆ ಕಡಿಮೆ, ಕಡ್ಲೇಕಾಯಿ ಹೊಲ. ಆದರೂ ಆ ಊರಿನ ಕಷ್ಟ ನಿಮಗೆ ಬೇಗ ಅರ್ಥವಾಗುತ್ತೆ.

ಕಾಗೋಡಿನಲ್ಲಿ ಭೂಮಿ ಒಡೆಯರದು. ಉಳುವವರು ದೀವರ ಜನ. ಬೆಳೆ ಬಂದ ಮೇಲೆ ಒಡೆಯರಿಗೆ ಗೇಣಿ ಕೊಡಬೇಕು. ಗೇಣಿ ಅಂದರೆ ನಾವು ಗುತ್ತಿಗೆ ಅಂತೀವಲ್ಲ, ಅದೇ. ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಕೊಳಗ ಯಾರದು? ಅದೂ ಒಡೆಯರದೇ. ಸರಿಯಾದ ಅಳತೆಗಿಂತ ಅದು ದೊಡ್ಡದಾಗಿತ್ತು.

ನೀವೇ ಲೆಕ್ಕ ಹಾಕಿ ನೋಡಿ. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋಗುತ್ತೆ ಅಂತ ಇಟ್ಟುಕೊಳ್ಳಿ. 100 ಕೊಳಗ ಅಳೆದರೆ 50 ಸೇರು ಹೋಯಿತು. ಒಂದು ಮನೆಯ ಎಷ್ಟು ದಿನದ ಊಟ ಅದು! ಲೆಕ್ಕ ಬಾರದವನಿಗೆ ಇದು ಕಾಣಿಸೋದೇ ಇಲ್ಲ. ಅಳೆಯುವಾಗ ಕೊಳಗ ಕಣ್ಣೆದುರಿಗೇ ಇರುತ್ತೆ, ಮೋಸ ಮಾತ್ರ ಕಾಣೋದಿಲ್ಲ.

ಗಣಪತಿಯಪ್ಪನವರಿಗೆ ಕಂಡಿತು. ಮೇಷ್ಟರಾಗಿದ್ದ ಅವರು ರೈತರ ಕೆಲಸಕ್ಕೆ ಇಳಿದರು. 1948ರಲ್ಲಿ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದರು. ಸಂಘ ಕೇಳಿದ್ದು ದೊಡ್ಡದೇನಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂದರು. ಅಷ್ಟು ಕೇಳಿದ್ದಕ್ಕೇ ಗದ್ದೆಗೆ ಇಳಿಯಬೇಡಿ ಅಂತ ಒಡೆಯರು ಹೇಳಿದರು.

1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದೇಬಿಟ್ಟರು. ಪೊಲೀಸರು ಹಿಡಿದುಕೊಂಡು ಹೋದರು. ಆದರೂ ಜನ ಬರುವುದು ನಿಲ್ಲಲಿಲ್ಲ. ಹೆಂಗಸರೂ ಬಂದರು. ನೂರಾರು ಜನ ಜೈಲು ಕಂಡರು. ಆಗ ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದರು. ಅವರನ್ನೂ ಬಂಧಿಸಿದರು. ಇದೇ ಕಾಗೋಡು ಸತ್ಯಾಗ್ರಹ.

ಗೆದ್ದರಾ ಅಂತ ಕೇಳ್ತೀರಿ. ನಿಜ ಹೇಳಬೇಕು, ಕೂಡಲೇ ಗೆಲ್ಲಲಿಲ್ಲ. 1952ರ ಚುನಾವಣೆಯಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಆ ಕಡೆಯಿಂದ ಶಾಸಕರಾದರು. ಗೇಣಿದಾರರ ಮಾತು ವಿಧಾನಸಭೆಗೆ ಹೋಯಿತು. ಅದೇ ಚುನಾವಣೆಯಲ್ಲಿ ಕಾಗೋಡಿನ ಒಡೆಯರು ಕಾಂಗ್ರೆಸ್ಸಿನಿಂದ ಗೆದ್ದು ದೆಹಲಿಗೆ ಹೋದರು! ರಾಜಕೀಯ ಹಾಗೇ ಇರುತ್ತೆ.

ಆಮೇಲೆ ಬಹಳ ವರ್ಷ ಕಾಯಬೇಕಾಯಿತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಭೂಸುಧಾರಣೆ ಕಾನೂನು ಬಿಗಿಯಾಯಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ಅರ್ಜಿ ಹಾಕಿದರೆ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಕೊಡುತ್ತಿತ್ತು. ಆ ಅರ್ಜಿಗೆ 7ನೇ ನಂಬರ್ ಫಾರಂ ಅಂತ ಹೆಸರು. ಅದರಲ್ಲಿ ಸರ್ವೆ ನಂಬರ್ ಬರೆಯಬೇಕು, ಎಕರೆ-ಗುಂಟೆ ಬರೆಯಬೇಕು.

ನಮ್ಮ ಆಂಧ್ರದಲ್ಲೂ 2019ರಲ್ಲಿ ಗುತ್ತಿಗೆ ರೈತರಿಗೆ ಒಂದು ಕಾರ್ಡು ಕೊಡುವ ಕಾನೂನು ಬಂತು. ಅದು 11 ತಿಂಗಳ ಕಾರ್ಡು. ಅದರಿಂದ ಭೂಮಿ ನಮ್ಮದಾಗೋದಿಲ್ಲ, ಬೆಳೆ ಸಾಲಕ್ಕೆ, ಬೆಳೆ ವಿಮೆಗೆ ಆಧಾರ ಆಗುತ್ತೆ, ಅಷ್ಟೇ. ಅದಕ್ಕೆ ಭೂಮಿ ಒಡೆಯನ ಸಹಿ ಬೇಕು. ಆ ಸಹಿ ಕೇಳೋದೇ ಕಷ್ಟ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕಾಗೋಡಿನವರಿಗೂ ಸರಿಯಾದ ಕೊಳಗ ಕೇಳೋದು ಅಷ್ಟೇ ಕಷ್ಟವಾಗಿತ್ತು. ಅವರು ಒಬ್ಬೊಬ್ಬರೇ ಹೋಗಿ ಕೇಳಲಿಲ್ಲ, ಸಂಘ ಕಟ್ಟಿಕೊಂಡು ಕೇಳಿದರು.