ಬಣ್ಣ ಕಂಪನಿಯದು, ದನಿ ಯಾರದು?



ಇವತ್ತಿನ ವಿಷಯ ಸ್ವಲ್ಪ ಹೊಸದು. ಹಿರಿಯ ಕೇಳುಗರು ‘ಇದು ಹುಡುಗರ ಗಲಾಟೆ, ನಮಗೇಕೆ’ ಎಂದು ರೇಡಿಯೋ ಬಂದ್ ಮಾಡಬೇಡಿ. ಕೊನೆಗೆ ಇದು ಬಂದು ನಿಲ್ಲುವುದು ಒಂದು ಕರಾರು ಪತ್ರದ ಮೇಲೆ. ಕರಾರು ಪತ್ರ ಓದುವುದರಲ್ಲಿ ನಿಮಗಿರುವಷ್ಟು ಅನುಭವ ನಿಮ್ಮ ಮಕ್ಕಳಿಗಿಲ್ಲ.

ದೇಹೂ ರೋಡಿನಿಂದ ಒಬ್ಬ ತಾಯಿ ನಮ್ಮ ಕನ್ನಡ ವಿಭಾಗಕ್ಕೆ ಪತ್ರ ಬರೆದಿದ್ದಾರೆ. ಮೂಲ ಉತ್ತರ ಕರ್ನಾಟಕದವರು. ಮಗಳಿಗೆ ಹತ್ತೊಂಬತ್ತು ತುಂಬಿದೆ, ಕಾಲೇಜಿನ ಜೊತೆಗೆ ಪುಣೆಯಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದಾಳೆ. ಚೆನ್ನಾಗಿ ಹಾಡುತ್ತಾಳೆ, ಮಾತಿನಲ್ಲಂತೂ ಕೇಳುವುದೇ ಬೇಡ. ಜಪಾನಿನ ಒಂದು ಏಜೆನ್ಸಿ ಇಂಟರ್ನೆಟ್ಟಿನ ಮೂಲಕವೇ ಧ್ವನಿಪರೀಕ್ಷೆ ಮಾಡಿ ಅವಳನ್ನು ಆರಿಸಿಕೊಂಡಿದೆಯಂತೆ. ಇಂಗ್ಲಿಷಿನಲ್ಲಿ ದಪ್ಪನೆಯ ಕರಾರು ಬಂದಿದೆ. ‘ಸಹಿ ಮಾಡಲೇ ಅಮ್ಮಾ’ ಎಂದು ಮಗಳು ದಿನಕ್ಕೆ ಮೂರು ಸಲ ಕೇಳುತ್ತಾಳೆ, ಏನು ಹೇಳಲಿ ಎಂಬುದು ತಾಯಿಯ ಪ್ರಶ್ನೆ.

ದೇಹೂ ರೋಡ್ ಎಂದರೆ ಪುಣೆಯವರಿಗೆ ಲೋಣಾವಳದ ಲೋಕಲ್ ನಿಲ್ಲುವ ಒಂದು ಸ್ಟೇಷನ್. ಹಳೆಯ ಮುಂಬಯಿ ರಸ್ತೆ, ದಂಡಿನ ಪ್ರದೇಶ, ಸೈನ್ಯದ ಉಗ್ರಾಣಗಳು. ತುಕಾರಾಮರ ದೇಹೂ ಅಲ್ಲಿಂದ ಸ್ವಲ್ಪ ದೂರ. 1954ರ ಡಿಸೆಂಬರ್ 25ರಂದು ಬಾಬಾಸಾಹೇಬ ಅಂಬೇಡ್ಕರರು ತಾವೇ ಬಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಊರು ಇದು. ಕೆಲಸ ಹುಡುಕಿಕೊಂಡು ಬಂದ ಕನ್ನಡ, ತೆಲುಗು, ತಮಿಳು ಮಂದಿಯ ಮನೆಗಳು ಅಕ್ಕಪಕ್ಕದಲ್ಲೇ ಇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಆಡಿ ಬೆಳೆದ ಮಕ್ಕಳಿಗೆ ಐದನೆಯ ಭಾಷೆಯಾಗಿ ಜಪಾನಿ ಬಂದರೆ ಆಶ್ಚರ್ಯವೇನು? ಪುಣೆಯಲ್ಲಿ ಜಪಾನಿ ಕಲಿಯುವವರು ಬಹಳ. ಚಾಕಣದ ಸುತ್ತಲಿನ ಕಾರ್ಖಾನೆಗಳು ಒಂದು ಕಾರಣ. ಒಕಾಯಾಮ ನಗರದ ಸ್ನೇಹದಿಂದ ಸಿಂಹಗಡ ರಸ್ತೆಯಲ್ಲಿ ಒಂದು ಜಪಾನಿ ಉದ್ಯಾನವೇ ಇದೆ.

ಇನ್ನು ಕೆಲಸ ಯಾವುದು ಎಂದು ಹೇಳಿಬಿಡುತ್ತೇನೆ. ಯೂಟ್ಯೂಬಿನಲ್ಲಿ ಮಾತಾಡುವುದು, ಹಾಡುವುದು, ಆಟ ಆಡುತ್ತ ಹರಟೆ ಹೊಡೆಯುವುದು. ಆದರೆ ಮುಖ ಮಾತ್ರ ನಿಮ್ಮದಲ್ಲ. ಚಿತ್ರಕಾರರು ಬರೆದ ಒಂದು ಗೊಂಬೆ ತೆರೆಯ ಮೇಲೆ ಇರುತ್ತದೆ. ಕ್ಯಾಮೆರಾ ನಿಮ್ಮ ಮುಖವನ್ನು ಗಮನಿಸುತ್ತದೆ, ನೀವು ಕಣ್ಣು ಮಿಟುಕಿಸಿದರೆ ಗೊಂಬೆಯೂ ಮಿಟುಕಿಸುತ್ತದೆ, ನೀವು ನಕ್ಕರೆ ಅದೂ ನಗುತ್ತದೆ. ಇವರನ್ನು ವಿಟ್ಯೂಬರ್ ಎನ್ನುತ್ತಾರೆ. 2016ರಲ್ಲಿ ಕಿಝುನಾ ಆಯ್ ಎಂಬ ಪಾತ್ರದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಇಂಥವರನ್ನು ಹತ್ತಾರು ಸಂಖ್ಯೆಯಲ್ಲಿ ಇಟ್ಟುಕೊಂಡು ನಡೆಸುವ ದೊಡ್ಡ ಏಜೆನ್ಸಿಗಳು ಎರಡು. ಒಂದು ಹೋಲೋಲೈವ್ ನಡೆಸುವ ಕವರ್ ಕಂಪನಿ, ಇನ್ನೊಂದು ನಿಜಿಸಾಂಜಿ ನಡೆಸುವ ಎನಿಕಲರ್. ಎನಿಕಲರ್ 2022ರಲ್ಲಿ, ಕವರ್ 2023ರಲ್ಲಿ ಟೋಕಿಯೋ ಷೇರು ಪೇಟೆಗೆ ಬಂದವು. ಹೋಲೋಲೈವ್‌ನ ಇಂಗ್ಲಿಷ್ ಬಳಗದಲ್ಲಿದ್ದ ಗೌರ್ ಗುರಾ ಎಂಬ ಶಾರ್ಕ್ ಹುಡುಗಿಯ ಪಾತ್ರಕ್ಕೆ 40 ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು. 2025ರ ಮೇ 1ರಂದು ಆ ಪಾತ್ರ ವಿದಾಯ ಹೇಳಿತು. ಹೀಗಾಗಿ ಇದನ್ನು ಹುಡುಗಾಟ ಎನ್ನುವಂತಿಲ್ಲ.

ಭಾರತಕ್ಕೂ ಇವರು ಬಂದು ಹೋದರು. ನಿಜಿಸಾಂಜಿಯವರು 2020ರಲ್ಲಿ ಆದ್ಯಾ, ನೂರ್, ವಿಹಾನ್ ಎಂಬ ಮೂರು ಪಾತ್ರಗಳೊಂದಿಗೆ ಭಾರತ ಶಾಖೆ ಶುರುಮಾಡಿದರು. ಅದು 2021ರಲ್ಲೇ ಮುಚ್ಚಿತು. ಮೂವರೂ ನಿವೃತ್ತರಾದರು. ಕನ್ನಡದ ಸರದಿ ಬರಲೇ ಇಲ್ಲ. ಇಂಡೋನೇಷ್ಯಾ ಮತ್ತು ಕೊರಿಯಾ ಶಾಖೆಗಳನ್ನು 2022ರಲ್ಲಿ ಮುಖ್ಯ ಬಳಗದೊಳಗೆ ಸೇರಿಸಿಕೊಂಡರು, ನಮ್ಮದು ಅಷ್ಟರ ಹೊತ್ತಿಗೆ ಇರಲೇ ಇಲ್ಲ. ಶಾಖೆ ತೆರೆಯುವುದೂ ಮುಚ್ಚುವುದೂ ಟೋಕಿಯೋದಲ್ಲಿ ತೀರ್ಮಾನವಾಗುವ ಮಾತು. ಕಾಲೇಜು ಬಿಟ್ಟು ಇದಕ್ಕೆ ಇಳಿಯುವ ಮೊದಲು ಈ ಒಂದು ಸಂಗತಿಯನ್ನು ಮಗಳು ತಿಳಿದಿರಬೇಕು.

ಈಗ ಶೀರ್ಷಿಕೆಯ ಪ್ರಶ್ನೆ. ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ನಡೆಸುವ ನಮ್ಮ ಕೇಳುಗರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಯಕ್ಷಗಾನ ಮೇಳದಲ್ಲಿ ಕಿರೀಟ, ಭುಜಕೀರ್ತಿ ಎಲ್ಲ ಮೇಳದ್ದು. ಕಲಾವಿದ ಒಂದು ತಿರುಗಾಟಕ್ಕೆ ಒಪ್ಪಿಕೊಳ್ಳುತ್ತಾನೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾನೆ, ಮುಂದಿನ ವರ್ಷ ಬೇಕಾದರೆ ಬೇರೆ ಮೇಳ. ಕಿರೀಟ ಅಲ್ಲೇ ಉಳಿದರೂ ಕರ್ಣನ ಪಾತ್ರ ಅವನ ಜೊತೆ ಹೋಗುತ್ತದೆ. ಯಾಕೆಂದರೆ ಕರ್ಣ ಯಾವ ಯಜಮಾನನ ಸ್ವತ್ತೂ ಅಲ್ಲ. ಹೊಸ ಮೇಳದಲ್ಲೂ ಇವರು ಇಂಥವರೇ ಎಂದು ಜನ ಗುರುತು ಹಿಡಿಯುತ್ತಾರೆ.

ಜಪಾನಿನ ಈ ಮೇಳದಲ್ಲಿ ಹಾಗಲ್ಲ. ಗೊಂಬೆಯ ಚಿತ್ರ, ಹೆಸರು, ಚಾನೆಲ್ಲು, ಸಾಮಾನ್ಯವಾಗಿ ಎಲ್ಲವೂ ಕಂಪನಿಯ ಹೆಸರಿನಲ್ಲಿ. ಆಡುವವರು ಯಾರೆಂದು ಹೇಳುವಂತೆಯೇ ಇಲ್ಲ. ಬಿಟ್ಟು ಹೋದ ದಿನ ಐದು ವರ್ಷ ಗಳಿಸಿದ ಹೆಸರನ್ನು ಅಲ್ಲೇ ಕಳಚಿಟ್ಟು ಬರಬೇಕು. 2024ರ ಫೆಬ್ರವರಿಯಲ್ಲಿ ಸೆಲೆನ್ ತತ್ಸುಕಿ ಎಂಬ ಪಾತ್ರ ಮಾಡುತ್ತಿದ್ದವರ ಕರಾರನ್ನು ಎನಿಕಲರ್ ರದ್ದುಮಾಡಿತು. ಅವರು ಬೇರೆ ಹೆಸರು, ಬೇರೆ ಗೊಂಬೆ ಇಟ್ಟುಕೊಂಡು ಸ್ವತಂತ್ರವಾಗಿ ಮುಂದುವರಿದರು, ಅಭಿಮಾನಿಗಳು ದನಿಯ ಗುರುತು ಹಿಡಿದು ಹಿಂದೆಯೇ ಹೋದರು. ಎಲ್ಲರಿಗೂ ಅಂಥ ಅಭಿಮಾನಿಗಳು ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಒಪ್ಪಂದಕ್ಕೆ ಮೊದಲೇ ತನ್ನ ಹೆಸರಿನಲ್ಲಿ ಹಾಡಿದ ಹಾಡುಗಳು ಮಗಳ ಬಳಿ ಇದ್ದರೆ, ಅವು ತನ್ನವೇ ಎಂದು ಕರಾರಿನಲ್ಲಿ ಬರೆಸಿಕೊಳ್ಳಲಿ.

ಹಣದ ಮಾತಿಗೆ ಬರೋಣ. ನೇರ ಪ್ರಸಾರದ ಹೊತ್ತಿಗೆ ಅಭಿಮಾನಿ ನೂರು ರೂಪಾಯಿ ಕಾಣಿಕೆ ಹಾಕಿದ ಎನ್ನಿ. ಯೂಟ್ಯೂಬು ಮೂವತ್ತು ಮುರಿದುಕೊಂಡು ಎಪ್ಪತ್ತು ಕೊಡುತ್ತದೆ. ಏಜೆನ್ಸಿಯೊಡನೆ ಅರ್ಧರ್ಧ ಎಂದಿದ್ದರೆ ಕೈಗೆ ಮೂವತ್ತೈದು. ಆದರೆ ‘ಖರ್ಚು ಕಳೆದು ಅರ್ಧ’ ಎಂದಿದ್ದರೆ? ಗೊಂಬೆ ಬರೆಸಿದ ಖರ್ಚು, ಸಂಗೀತದ ಖರ್ಚು, ಪ್ರಚಾರದ ಖರ್ಚು ಎಲ್ಲ ಮೊದಲು ಕಳೆದರೆ ಮೂವತ್ತೈದು ಎಷ್ಟಕ್ಕೆ ಇಳಿಯುತ್ತದೆ? ಆ ಖರ್ಚಿನ ಲೆಕ್ಕ ತೋರಿಸುತ್ತಾರೆಯೇ, ಎಷ್ಟು ತಿಂಗಳಿಗೊಮ್ಮೆ? ಯೆನ್ ರೂಪಾಯಿಯಾಗುವಾಗ ಬ್ಯಾಂಕಿನ ಕಮಿಷನ್ ಯಾರ ತಲೆಗೆ? ಭಾರತ ಮತ್ತು ಜಪಾನ್ ನಡುವೆ ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದವಿದೆ. ಅದರ ಅನುಕೂಲ ಪಡೆಯಲು ಬೇಕಾದ ಕಾಗದಗಳನ್ನು ಮೊದಲ ಹಣ ಬರುವ ಮುಂಚೆಯೇ ಲೆಕ್ಕಪರಿಶೋಧಕರಲ್ಲಿ ಕೇಳಿ ಮಾಡಿಸಿಕೊಳ್ಳಿ.

ಹೊತ್ತಿನ ಮಾತೂ ಇದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ರಾತ್ರಿ ಒಂಬತ್ತು ನಮ್ಮ ಸಂಜೆ ಐದೂವರೆ, ಅದೇನೋ ಸರಿ. ಇಂಗ್ಲಿಷ್ ಬಳಗ ಎಂದರೆ ಕೇಳುಗರು ಅಮೆರಿಕದವರು. ಅಲ್ಲಿನ ಪೂರ್ವ ತೀರದ ರಾತ್ರಿ ಎಂಟಕ್ಕೆ ಇಲ್ಲಿ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ. ತಿಂಗಳಿಗೆ ಇಷ್ಟು ಗಂಟೆ ಕಡ್ಡಾಯ ಎಂದು ಬರೆದಿದೆಯಂತೆ. ಎರಡು ಕೋಣೆಯ ಮನೆಯಲ್ಲಿ ಅಪ್ಪ ಪಾಳಿ ಮುಗಿಸಿ ಮಲಗಿರುವಾಗ, ಹೊರಗೆ ಲೋಕಲ್ ಸೀಟಿ ಹಾಕುವಾಗ, ಮಗಳು ಇಂಗ್ಲಿಷಿನಲ್ಲಿ ಕಿಲಕಿಲ ನಗಬೇಕು. ಪಕ್ಕದ ಮನೆಯವರು ಕೇಳಿದರೆ ಏನು ಕೆಲಸವೆಂದು ಹೇಳುವಂತಿಲ್ಲ! ಗುಟ್ಟಿನ ಷರತ್ತು ಅಪ್ಪ ಅಮ್ಮನಿಗೂ ಅನ್ವಯವೇ ಎಂದು ಕೇಳಿ. ತಾಯಿಗೂ ತೋರಿಸಬಾರದ, ವಕೀಲರಿಗೂ ತೋರಿಸಬಾರದ ಕರಾರು ಎಂದಾದರೆ ನನ್ನ ಅಭಿಪ್ರಾಯ ಖಡಾಖಂಡಿತ, ಸಹಿ ಬೇಡ.

ತಾಯಿ ಹೆಚ್ಚು ಹೆದರಿರುವುದು ಇನ್ನೊಂದು ಷರತ್ತಿಗೆ. ಕರಾರು ಮುಗಿದ ಮೇಲೂ ಎರಡು ವರ್ಷ ಇಂಥ ಕೆಲಸವನ್ನು ಬೇರೆಲ್ಲೂ ಮಾಡಕೂಡದು ಎಂದಿದೆ. ನಮ್ಮ 1872ರ ಕರಾರು ಕಾಯಿದೆಯ 27ನೆಯ ಕಲಮು ಹೊಟ್ಟೆಪಾಡಿನ ಕೆಲಸಕ್ಕೆ ಅಡ್ಡಿ ಹಾಕುವ ಒಪ್ಪಂದವನ್ನು ಅಸಿಂಧು ಎನ್ನುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಅವರ ಮೊಕದ್ದಮೆ ನೆನಪಿದೆಯೇ? ಪರ್ಸೆಪ್ಟ್ ಡಿ’ಮಾರ್ಕ್ ಎಂಬ ಏಜೆನ್ಸಿಯೊಡನೆ ಅವರಿಗೆ ಮೂರು ವರ್ಷದ ಕರಾರಿತ್ತು. ಅದು ಮುಗಿದ ಮೇಲೆ ಬೇರೆ ಯಾರ ಪ್ರಸ್ತಾಪ ಬಂದರೂ ಮೊದಲು ತಮಗೇ ತೋರಿಸಬೇಕು ಎಂದು ಏಜೆನ್ಸಿ ಹಟ ಹಿಡಿಯಿತು. 2006ರಲ್ಲಿ ಸುಪ್ರೀಂ ಕೋರ್ಟು ಇದೇ 27ನೆಯ ಕಲಮನ್ನು ಮುಂದಿಟ್ಟು ಏಜೆನ್ಸಿಯ ಮಾತನ್ನು ಒಪ್ಪಲಿಲ್ಲ. ಕರಾರು ನಡೆಯುತ್ತಿರುವಾಗ ಹಾಕುವ ಕಟ್ಟು ಬೇರೆ, ಮುಗಿದ ಮೇಲಿನ ಕಟ್ಟು ಬೇರೆ. ಆದರೆ ಒಂದು ತೊಡಕು. ಈ ಕರಾರಿಗೆ ಜಪಾನಿನ ಕಾನೂನು, ವ್ಯಾಜ್ಯ ಬಂದರೆ ಟೋಕಿಯೋ ನ್ಯಾಯಾಲಯ ಎಂದು ಬರೆದಿದೆ. ಪುಣೆಯ ಶಿವಾಜಿನಗರದ ಕೋರ್ಟಿಗೆ ಹೋಗಲೇ ಕಷ್ಟಪಡುವ ನಾವು ಟೋಕಿಯೋಗೆ ಹೋಗುತ್ತೇವೆಯೇ? ಅದಕ್ಕೇ ಆ ಷರತ್ತನ್ನು ತೆಗೆಸುವ ಕಾಲ ಸಹಿಗಿಂತ ಮುಂಚಿನದು.

ಜಪಾನಿನಲ್ಲೂ ಈ ಧಂಧೆಯ ಮೇಲೆ ಕಣ್ಣಿಡುವವರಿದ್ದಾರೆ ಎಂಬುದು ಸಮಾಧಾನ. 1912ರಿಂದ ಹಾಸ್ಯಗಾರರನ್ನು ನಡೆಸುತ್ತ ಬಂದ ಯೋಶಿಮೋತೋ ಕಂಪನಿಯಲ್ಲಿ ಬಹುಮಂದಿಗೆ ಬಾಯಿಮಾತಿನ ಒಪ್ಪಂದ ಮಾತ್ರ ಇತ್ತೆಂದು 2019ರಲ್ಲಿ ದೊಡ್ಡ ಗದ್ದಲವಾಯಿತು. ಆಮೇಲೆ ಲಿಖಿತ ಕರಾರಿನ ದಾರಿ ಹಿಡಿದರು. 2024ರ ಅಕ್ಟೋಬರಿನಲ್ಲಿ ಅಲ್ಲಿನ ವ್ಯಾಪಾರ ಆಯೋಗವು ಕವರ್ ಕಂಪನಿಗೆ ತಾಕೀತು ಮಾಡಿತು. ಚಿತ್ರ, ಗೊಂಬೆ ಮಾಡಿಕೊಡುವ ಹೊರಗಿನ ಕೆಲಸಗಾರರಿಂದ ದುಡ್ಡು ಕೊಡದೆ ಮತ್ತೆ ಮತ್ತೆ ತಿದ್ದಿಸಿಕೊಂಡಿದ್ದು ಕಾರಣ. ಅದೇ ವರ್ಷ ನವೆಂಬರ್ 1ರಿಂದ ಸ್ವತಂತ್ರ ಕೆಲಸಗಾರರಿಗಾಗಿ ಹೊಸ ಕಾನೂನು ಜಾರಿಗೆ ಬಂತು. ಷರತ್ತುಗಳು ಬರವಣಿಗೆಯಲ್ಲಿರಬೇಕು, ಕೆಲಸ ಮುಟ್ಟಿದ ಅರವತ್ತು ದಿನದೊಳಗೆ ಹಣ ಕೊಡಬೇಕು ಎನ್ನುವುದು ಅದರ ತಿರುಳು. ದೇಹೂ ರೋಡಿನಲ್ಲಿ ಕುಳಿತವರಿಗೂ ಆ ಅರವತ್ತು ದಿನ ಬೇಕೆಂದರೆ ಕರಾರಿನಲ್ಲೇ ಬರೆಸಬೇಕು. ಒಳ್ಳೆಯ ಏಜೆನ್ಸಿಯಾದರೆ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಅದೂ ಒಂದು ಉತ್ತರವೇ.

ತಾಯಿಯವರೇ, ಮಗಳಿಗೆ ಹದಿನೆಂಟು ದಾಟಿದೆ, ಸಹಿ ಅವಳದು, ನಿಮ್ಮದಲ್ಲ. ಬೇಡ ಎಂದು ಕೂಗಾಡಿದರೆ ರಾತ್ರಿ ಫೋನಿನಲ್ಲೇ ಸಹಿ ಹಾಕಿಬಿಡುತ್ತಾಳೆ, ಈಗಿನ ಕಾಲ ಹಾಗಿದೆ. ಜೊತೆಗೆ ಕುಳಿತು ಓದಿ. ನಿಮ್ಮ ಪತ್ರದ ಕೊನೆಯಲ್ಲಿ ಬರೆದಿರುವ ಷರತ್ತನ್ನು ಮೊದಲು ಓದಿ. ಒಂದು ವರ್ಷದೊಳಗೆ ಬಿಟ್ಟರೆ ಗೊಂಬೆಯ ಖರ್ಚು ವಾಪಸು ಕೊಡಬೇಕು ಎಂದಿದೆ, ಎಷ್ಟು ಎಂದು ಬರೆದಿಲ್ಲ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಏಜೆನ್ಸಿಯೇ ಶಾಖೆ ಮುಚ್ಚಿದರೆ ಒಂದು ಪೈಸೆಯೂ ಕೊಡಬೇಕಿಲ್ಲ ಎಂದು ಅದರ ಕೆಳಗೆ ಸೇರಿಸಲು ಹೇಳಿ. ಅವರ ಉತ್ತರ ಬಂದ ಮೇಲೆ ನಮಗೂ ಒಂದು ಕಾಗದ ಹಾಕಿ.